ಕೆಲಸ ಹಚ್ಚಿ ನೀರು ಕಾಯುವ ವಿರೂಪಾಕ್ಷಮ್ಮ

ಗಂಗಾವತಿಯಲ್ಲಿ ಬೆಳಗಿನ ಐದೂವರೆ. ಗಿರಣಿಗಳಿಂದ ಬೆಂದ ಭತ್ತದ ವಾಸನೆ ಆಗಲೇ ರಸ್ತೆಗೆ ಇಳಿದಿದೆ. ಕಾಲುವೆ ಕಚೇರಿಯ ಹಿಂಬದಿಯ ಕೋಣೆಯಲ್ಲಿ ವಿರೂಪಾಕ್ಷಮ್ಮ ಟೆಲಿಫೋನನ್ನು ಎಡಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಎರಡೂ ಕೈ ಕಂಪ್ಯೂಟರಿನ ಕೀಲಿಗಳ ಮೇಲೆ. ತಲೆಗೆ ಉಣ್ಣೆಯ ಮಫ್ಲರ್ ಸುತ್ತಿದ್ದಾರೆ. ಹೊರಗೆ ಸೆಖೆ ಇದ್ದರೂ ಯಂತ್ರಕ್ಕಾಗಿ ಈ ಕೋಣೆಯನ್ನು ಮಾತ್ರ ಹಗಲೂ ರಾತ್ರಿ ತಣ್ಣಗೆ ಇಡುತ್ತಾರೆ.

"ಒಂಬತ್ತನೇ ಗೇಟು, ಹೇಳಪಾ."

ಆ ಕಡೆಯಿಂದ ಯಾರೋ ಅಳತೆ ಹೇಳುತ್ತಾರೆ. ಇವರು ಅದನ್ನು ಹಾಗೇ ತಿರುಗಿ ಹೇಳುತ್ತಾರೆ: "ನಾಕು ಅಡಿ ಏಳು ಅಂಗಲ. ಹೌದಲ್ಲೋ? ಹ್ಞಾಂ, ಇಡು." ಬೆರಳು ಎರಡು ಕೀಲಿ ಒತ್ತುತ್ತದೆ. ಅಷ್ಟರಲ್ಲಿ ಹತ್ತನೇ ಗೇಟಿನ ಗಂಟೆ ಬಾರಿಸುತ್ತದೆ.

ಮುಖ್ಯ ಕಾಲುವೆಯ ಮೇಲೆ ಇಪ್ಪತ್ಮೂರು ಗೇಟುಗಳಿವೆ. ಒಂದೊಂದರ ಹತ್ತಿರವೂ ಒಬ್ಬ ಗ್ಯಾಂಗ್‌ಮನ್, ಒಂದು ಚಿಕ್ಕ ಗುಡಿಸಲು, ಗುಡಿಸಲಲ್ಲಿ ಕಾಲುವೆಯದೇ ಒಂದು ಟೆಲಿಫೋನು. ದಿನಕ್ಕೆ ಎರಡು ಸಲ ಇಪ್ಪತ್ಮೂರು ಜನ ನೀರಿನ ಮಟ್ಟ ಹೇಳುತ್ತಾರೆ, ಅಂದರೆ ನಲವತ್ತಾರು ಕರೆ. ಮುಂಜಾನೆಯ ಸರದಿ ಮುಗಿಯಲು ಮುಕ್ಕಾಲು ಗಂಟೆ ಬೇಕು. ನನಗೆ ಬೆರಗು ಹುಟ್ಟಿಸಿದ್ದು ಇದಲ್ಲ. ಇವರು ಅಳತೆ ತುಂಬುತ್ತಿರುವ ಅದೇ ಹೊತ್ತಿಗೆ, ಅದೇ ಯಂತ್ರ ಕಣ್ಣಿಗೆ ಕಾಣದಂತೆ ಇನ್ನೊಂದು ದೊಡ್ಡ ಲೆಕ್ಕ ಮಾಡುತ್ತಿದೆ. ಅರವತ್ತೆರಡು ತೂಬುಗಳಿಗೆ ಈ ವಾರ ಯಾವ ದಿನ, ಎಷ್ಟು ತಾಸು ನೀರು ಎಂಬ ಪಾಳಿ ಪಟ್ಟಿ ಅದು. ಮೊದಲ ಫೋನು ಬರುವ ಮುಂಚೆಯೇ ವಿರೂಪಾಕ್ಷಮ್ಮ ಒಂದು ಸಾಲು ಬಡಿದು, ಕೊನೆಗೆ ಗಂಟಿನಂಥ ಒಂದು ಗುರುತು (&) ಹಾಕಿದ್ದರು. ಯಂತ್ರ ಮೂರಂಕಿಯ ಒಂದು ಸಂಖ್ಯೆ ಕೊಟ್ಟಿತ್ತು. ಅದನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡು ಅವರು ಫೋನಿನ ಕಡೆ ತಿರುಗಿದ್ದರು.

"ಅದನ್ನ ಹಿಂದ ಹಚ್ಚೀನ್ರಿ," ಎನ್ನುತ್ತಾರೆ. "ಅದರ ಪಾಡಿಗೆ ಅದು ಮಾಡ್ಕೊಂತ ಇರತೈತಿ, ನಮ್ಮ ಪಾಡಿಗೆ ನಾವು."

ಯಂತ್ರದೊಳಗಿನ ವ್ಯವಸ್ಥೆಯ ಹೆಸರು ಯೂನಿಕ್ಸ್. ಒಂದೇ ಯಂತ್ರ ಒಂದೇ ಹೊತ್ತಿಗೆ ಹಲವು ಕೆಲಸ ಮಾಡುವುದು ಅದರ ಗುಣ. ಆ ಗುಣವನ್ನು ಈ ಕಚೇರಿಯಲ್ಲಿ ಮೊದಲು ದುಡಿಸಿಕೊಂಡವರು ಇಂಜಿನಿಯರುಗಳಲ್ಲ. ಮೆಟ್ರಿಕ್ ಓದಿದ, ಹುದ್ದೆಯ ಲೆಕ್ಕಕ್ಕೆ ಇವತ್ತಿಗೂ ಬರೀ ಟೆಲಿಫೋನ್ ಆಪರೇಟರ್ ಆಗಿರುವ, ನಲವತ್ತೊಂದು ವಯಸ್ಸಿನ ಈ ಹೆಣ್ಣುಮಗಳು.

ಊರು ಯಲಬುರ್ಗಾ ತಾಲೂಕಿನ ಬೇವೂರು. ತಂದೆ ವಿರುಪಣ್ಣನವರದು ಎರೆಹೊಲದ ಒಕ್ಕಲುತನ. ಮಗಳು ಲೆಕ್ಕದಲ್ಲಿ ಚುರುಕು ಎಂದು ಸಾಲಿ ಮಾಸ್ತರರು ಹೇಳಿದ ಒಂದೇ ಮಾತಿಗೆ ಅವರು ಅವಳನ್ನು ಯಲಬುರ್ಗಾದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಓದಿಸಿದರು. ತರಗತಿಯಲ್ಲಿ ಮೂವತ್ತೆಂಟು ಹುಡುಗರು, ಇವರೊಬ್ಬರೇ ಹುಡುಗಿ. ಮದುವೆಯಾಗಿ ಗಂಗಾವತಿಗೆ ಬಂದರು. ಗಂಡ ಕುಬೇರಪ್ಪ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ೧೯೭೧ರಲ್ಲಿ ಕಾಲುವೆ ಟೆಲಿಫೋನಿಗೆ ಜನ ಬೇಕೆಂಬ ಸುದ್ದಿಯನ್ನು ಯಾರದೋ ಷರ್ಟಿನ ಅಳತೆ ತೆಗೆಯುವಾಗ ಕೇಳಿ ಬಂದು ಹೇಳಿದವರೂ ಅವರೇ.

ನೌಕರಿ ಸಿಕ್ಕಿತು, ಆದರೆ ಹಂಗಾಮಿ. ಒಂಬತ್ತು ವರ್ಷ ಹಂಗಾಮಿಯಾಗಿಯೇ ಉಳಿಯಿತು. ನಸುಕಿನ ಐದಕ್ಕೆ ಹೆಂಗಸು ಮನೆ ಬಿಟ್ಟು ಹೊರಟರೆ ಓಣಿಯವರು ಸುಮ್ಮನಿರುತ್ತಾರೆಯೇ? "ಒಂದೆರಡು ಮಾತು ಕೇಳಿ ಬಂದ್ವುರಿ," ಎಂದು ವಿರೂಪಾಕ್ಷಮ್ಮ ಆ ವಿಷಯವನ್ನು ಅಷ್ಟಕ್ಕೇ ಬಿಡುತ್ತಾರೆ. ಕುಬೇರಪ್ಪ ಅಂದಿನಿಂದ ಇಂದಿನವರೆಗೂ ದಿನಾ ನಸುಕಿನಲ್ಲಿ ಎದ್ದು ಚಹಾ ಮಾಡಿಕೊಟ್ಟು, ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಚೇರಿಗೆ ಬಿಟ್ಟು ಹೋಗುತ್ತಾರೆ. ರಿಸೀವರ್ ಒತ್ತಿ ಒತ್ತಿ ಎಡಕಿವಿ ಈಗ ಅರ್ಧ ಮಂದ. ಹಾಗಿದ್ದರೂ ಇಪ್ಪತ್ಮೂರು ದನಿಗಳಲ್ಲಿ ಯಾವುದು ಯಾರದೆಂದು ಕೆಮ್ಮಿದರೂ ಗುರುತು ಹಿಡಿಯುತ್ತಾರೆ.

೧೯೮೭ರ ಆಗಸ್ಟಿನಲ್ಲಿ ಯಂತ್ರ ಬಂತು. ಲಾರಿಯಿಂದ ಇಳಿಸಲು ಎಂಟು ಜನ ಬೇಕಾಯಿತಂತೆ. ತಣ್ಣನೆಯ ಕೋಣೆ ಇದ್ದದ್ದು ಒಂದೇ, ಆದ್ದರಿಂದ ಅದನ್ನು ಟೆಲಿಫೋನ್ ಬೋರ್ಡಿನ ಮಗ್ಗುಲಲ್ಲೇ ಕೂರಿಸಿದರು. ಬೆಂಗಳೂರಿನಿಂದ ಬಂದ ಒಬ್ಬ ತರುಣ ಇಂಜಿನಿಯರ್ ಮೂರು ದಿನ ಪಾಠ ಮಾಡಿದರು. ಪಾಠಕ್ಕೆ ಆರು ಜನರನ್ನು ಹೆಸರು ಹಿಡಿದು ಕರೆದಿದ್ದರು. ಆ ಆರರಲ್ಲಿ ವಿರೂಪಾಕ್ಷಮ್ಮ ಇರಲಿಲ್ಲ. ಆದರೆ ಫೋನಿನ ಮುಂದೆ ಕೂತವರ ಕಿವಿಗೆ ಯಾರು ಬಾಗಿಲು ಹಾಕುತ್ತಾರೆ?

"ಅವರು ಹೇಳಿದ್ದನ್ನೆಲ್ಲಾ ನನ್ನ ಮೆಸೇಜ್ ರಿಜಿಸ್ಟರಿನ ಹಿಂದಿನ ಹಾಳಿಮ್ಯಾಲ ಬರಕೊಂಡೇನ್ರಿ. ಸಾಲಿನ ಕೊನೀಗೆ ಈ ಗಂಟು ಹಾಕಿದ್ರ ಯಂತ್ರ ಆ ಕೆಲಸ ಹಿಂದ ಇಟ್ಕೊಂಡು ನಿಮಗ ಒಂದು ನಂಬರ್ ಕೊಡತೈತಿ, ನೀವು ಬ್ಯಾರೆ ಕೆಲಸ ಮಾಡ್ಕೋಬೋದು ಅಂದ್ರು. ನಾ ಅಂದೆ, ಅಯ್ಯ, ಇದು ಟ್ರಂಕ್ ಕಾಲ್ ಇದ್ದಂಗ ಐತಲ್ಲ! ಬುಕ್ ಮಾಡ್ತೀವಿ, ನಂಬರ್ ಕೊಡ್ತಾರ. ಹತ್ತೂತನಕ ಫೋನ್ ಹಿಡಕೊಂಡು ಕುಂದರತೀವೇನು? ಇಲ್ಲ. ರೊಟ್ಟಿ ಬಡಕೊಂತ ಇರತೀವಿ."

ಪಾಠ ಕೇಳಿದ ಆರು ಜನರೂ ಆ ಗಂಟನ್ನು ಮರೆತರು. ಪಾಳಿ ಪಟ್ಟಿಯ ಲೆಕ್ಕಕ್ಕೆ ಯಂತ್ರಕ್ಕೆ ಎರಡು ಮುಕ್ಕಾಲು ತಾಸು ಬೇಕು. ಅಷ್ಟು ಹೊತ್ತೂ ತೆರೆ ಗಪ್ಪನೆ ಇರುತ್ತಿತ್ತು. ಅಳತೆಗಳನ್ನು ಕಾಗದದಲ್ಲಿ ಬರೆದಿಟ್ಟು ಮಧ್ಯಾಹ್ನ ತುಂಬುತ್ತಿದ್ದರು. ಒಂದು ಸೋಮವಾರ ಮುಂಜಾನೆ ಗುಮಾಸ್ತ ಯಂಕೋಬ ಚಹಾಕ್ಕೆ ಹೋದಾಗ ವಿರೂಪಾಕ್ಷಮ್ಮ ಕುರ್ಚಿ ಎಳೆದುಕೊಂಡು ಕೂತು ಆ ಸಾಲು ಬಡಿದು ಗಂಟು ಹಾಕಿದರು. ಯಂತ್ರ ಒಂದು ನಂಬರ್ ಕೊಟ್ಟು ಮುಂದೇನು ಎಂಬಂತೆ ಕಾಯುತ್ತ ನಿಂತಿತು. ಅವರು ಅಳತೆ ತುಂಬತೊಡಗಿದರು. ಯಂಕೋಬ ಬಂದು ನೋಡಿದಾಗ ಪಟ್ಟಿಯೂ ನಡೆದಿತ್ತು, ಅಳತೆಯೂ ತುಂಬುತ್ತಿತ್ತು.

"ಅಕ್ಕಾರ, ಏನ್ ಮಾಡೀರಿ ಇದಕ್ಕ?" ಎಂದು ಆತ ಬಾಗಿಲಲ್ಲೇ ನಿಂತುಬಿಟ್ಟನಂತೆ.

ಆ ಸಂಭ್ರಮ ಎರಡು ವಾರವೂ ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಅವರು ಪಟ್ಟಿಯನ್ನು ಹಿಂದೆ ಹಚ್ಚಿ, ಸರದಿ ಮುಗಿದು ಮನೆಗೆ ಹೋದರು. ಆಮೇಲೆ ಬಂದ ಗುಮಾಸ್ತ ಶಿಸ್ತಿನ ಮನುಷ್ಯ. ಯಾರೂ ಇಲ್ಲದ ಟರ್ಮಿನಲ್, ಅಂದರೆ ಯಂತ್ರಕ್ಕೆ ತಂತಿಯಿಂದ ಜೋಡಿಸಿದ ತೆರೆ ಮತ್ತು ಕೀಲಿಮಣೆ, ಚಾಲೂ ಇದೆಯಲ್ಲ ಎಂದು ಅದನ್ನು ಮುಚ್ಚಿ, ಸ್ವಿಚ್ ಆರಿಸಿದ. ಟರ್ಮಿನಲ್ ಮುಚ್ಚಿದೊಡನೆ ಅದರಿಂದ ಹಚ್ಚಿದ ಕೆಲಸವೂ ಸತ್ತುಹೋಯಿತು. ಮರುದಿನ ಪಟ್ಟಿ ಇಲ್ಲ. ಕಾಲುವೆಯ ಕೊನೆಯ ಊರು ಕೆಂಪನಮಟ್ಟಿಗೆ ಪಾಳಿ ಎರಡು ದಿನ ತಡವಾಯಿತು. ಅಲ್ಲಿನ ಜನ ಟ್ರ್ಯಾಕ್ಟರಿನಲ್ಲಿ ಬಂದು ಕಚೇರಿಯ ಅಂಗಳದಲ್ಲಿ ಕೂತರು. ವಿರೂಪಾಕ್ಷಮ್ಮನಿಗೆ ಮೆಮೊ ಬಂತು: ತಮಗೆ ಸಂಬಂಧಿಸದ ಯಂತ್ರವನ್ನು ಮುಟ್ಟಿದ್ದೇಕೆ?

"ಅಳು ಬಂತೇನ್ರಿ?" ಎಂದು ಕೇಳಿದೆ.

"ಅಳು ಬರಲಿಲ್ರಿ, ಸಿಟ್ಟು ಬಂತು. ಕೆಲಸ ಯಾಕ ಸತ್ತಿತು ಅಂತ ಯಾರೂ ಕೇಳಲಿಲ್ಲ. ಯಾರು ಮುಟ್ಟಿದ್ರು ಅಂತ ಅಷ್ಟ ಕೇಳಿದ್ರು."

ಯಂತ್ರದ ಜೊತೆ ಬಂದ ಇಂಗ್ಲಿಷ್ ಕೈಪಿಡಿ ಬೀರುವಿನಲ್ಲಿತ್ತು, ನಾಲ್ಕು ಬೆರಳು ದಪ್ಪ. ಸಹಾಯಕ ಇಂಜಿನಿಯರ್ ಹೇಮಪ್ಪನವರ ಕಡೆಯಿಂದ ಅದನ್ನು ಕೇಳಿ ಪಡೆದು ಮನೆಗೆ ಒಯ್ದರು. ಮುಂದಿನ ನಲವತ್ತು ದಿನ ಮಧ್ಯಾಹ್ನದ ಹೊತ್ತು ಗಂಡನ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಒಂದು ಕಡೆ ಪ್ಯಾಂಟಿನ ಬಟ್ಟೆ, ಇನ್ನೊಂದು ಕಡೆ ಕೈಪಿಡಿ, ನಡುವೆ ಹಳೆಯ ನಿಘಂಟು. ಒಂದು ದಿನ ಒಂದು ಪದದ ಮುಂದೆ ಬೆರಳು ನಿಂತಿತು: ನೋಹಪ್. ವಿವರಣೆಯಲ್ಲಿ ಹ್ಯಾಂಗಪ್ ಎಂದಿತ್ತು.

ಇದನ್ನು ಹೇಳುವಾಗ ವಿರೂಪಾಕ್ಷಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಡುತ್ತಾರೆ. "ಹ್ಯಾಂಗಪ್ ಅಂದ್ರ ಏನ್ರಿ? ಫೋನ್ ಇಡೂದು! ಹದಿನಾರು ವರ್ಷ ನಾ ಮಾಡಿದ್ದ ಅದು. ಆ ಕಡಿಯವರು ಫೋನ್ ಇಟ್ರೂ ನೀ ಕೆಲಸ ಬಿಡಬ್ಯಾಡ ಅಂತ ಯಂತ್ರಕ್ಕ ಹೇಳೂ ಮಾತದು. ನಾ ಅಂಗಡ್ಯಾಗ ಜೋರಾಗಿ ನಕ್ಕೆ. ಗಿರಾಕಿ ಹೆದರಿ ನಮ್ಮ ಮನಿಯವರ ಮಾರಿ ನೋಡಿದ್ರು."

ಹೇಮಪ್ಪನವರ ಎದುರೇ ತೋರಿಸಿದರು. ಸಾಲಿನ ಮುಂದೆ ಆ ಪದ, ಕೊನೆಗೆ ಗಂಟು. ಟರ್ಮಿನಲ್ ಮುಚ್ಚಿದರು, ಸ್ವಿಚ್ ಆರಿಸಿದರು. ಅರ್ಧ ತಾಸು ಬಿಟ್ಟು ತೆರೆದು ನೋಡಿದರೆ ಕೆಲಸ ಜೀವಂತ ನಡೆದಿದೆ! ಅಂದಿನಿಂದ ಅವರು ಯಂತ್ರ ಮುಟ್ಟಲು ಅಡ್ಡಿ ಇಲ್ಲವೆಂದಾಯಿತು, ಬಾಯಿಮಾತಿನಲ್ಲಿ. ಕಾಗದದ ಮೇಲೆ ಯಾರೂ ಬರೆದುಕೊಡಲಿಲ್ಲ.

ಈಗ ಕಳೆದ ವರ್ಷದ ಸೆಪ್ಟೆಂಬರಿನ ಆ ಸೋಮವಾರಕ್ಕೆ ಬರೋಣ. ಕಾಲುವೆ ದಂಡೆಯ ಊರುಗಳಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ.

ಭಾನುವಾರ ಇಡೀ ಮಳೆ. ಗದ್ದೆ ತುಂಬಿದ ಮೇಲೆ ಕಾಲುವೆಯ ನೀರು ಯಾರಿಗೆ ಬೇಕು? ರೈತರು ತಮ್ಮ ತಮ್ಮ ತೂಬುಗಳನ್ನು ಮುಚ್ಚಿಕೊಂಡರು. ಹೋಗಲು ದಾರಿಯಿಲ್ಲದ ನೀರು ಕಾಲುವೆಯಲ್ಲೇ ಏರತೊಡಗಿತು. ಸೋಮವಾರ ಬೆಳಗಿನ ಆರೂಕಾಲಕ್ಕೆ ಅಳತೆಗಳೆಲ್ಲ ಬಂದು, ಯಂಕೋಬನ ಟರ್ಮಿನಲ್ಲಿನಲ್ಲಿ ತುಂಬಿ ಮುಗಿಯುವ ಹಂತದಲ್ಲಿದ್ದಾಗ ಹದಿನಾಲ್ಕನೇ ಮೈಲಿನಿಂದ ಫೋನು. ಹೇಮಪ್ಪನವರು ಕಾಲುವೆಯ ಏರಿಯ ಮೇಲಿನ ಗೇಟು ಗುಡಿಸಲಿನಿಂದಲೇ ಮಾತಾಡುತ್ತಿದ್ದರು.

"ವಿರೂಪಾಕ್ಷಮ್ಮಾರ, ಏರಿ ಜಿನುಗಾಕತ್ತೈತಿ. ಕೆಳಗ ಮೂವತ್ತು ಮನಿ ಅದಾವ. ಯಾವ್ಯಾವ ಗೇಟು ಎಷ್ಟೆಷ್ಟು ಎತ್ತಬೇಕು, ಇಳಿಸಬೇಕು, ಲಗೂನ ಲೆಕ್ಕ ತಗದು ಕೊಡ್ರಿ."

ಮೇಲಿನ ಗೇಟನ್ನು ಒಮ್ಮೆಲೇ ಮುಚ್ಚಿದರೆ ಆಗುವುದಿಲ್ಲ. ನೀರು ಸರ್ರನೆ ಇಳಿದರೆ ನೆನೆದ ಏರಿ ತಾನೇ ಕುಸಿಯುತ್ತದೆ. ಇಪ್ಪತ್ಮೂರು ಗೇಟುಗಳನ್ನೂ ಹೊಂದಿಸಿ, ಹೆಚ್ಚಿನ ನೀರನ್ನು ಅಲ್ಲಲ್ಲಿ ಹಳ್ಳಕ್ಕೆ ಬಿಡಬೇಕು. ಕೈಯಲ್ಲಿ ಆ ಲೆಕ್ಕಕ್ಕೆ ಅರ್ಧ ದಿನ, ಯಂತ್ರಕ್ಕೆ ಹತ್ತು ಹನ್ನೊಂದು ನಿಮಿಷ. ವಿರೂಪಾಕ್ಷಮ್ಮ ಲೆಕ್ಕ ಹಚ್ಚಲು ಹೋದರು. ಒಂದು ಸಾಲು ಬಡಿದರೆ ತೆರೆಯ ಮೇಲೆ ಮೂಡಲು ಅರ್ಧ ನಿಮಿಷ. ಯಂತ್ರ ಏದುಸಿರು ಬಿಡುತ್ತಿದೆ.

"ಯಂಕೋಬ, ಏನ್ ಹಚ್ಚೀಯೋ ಇದರಾಗ?"

ಯಂಕೋಬ ಆದದ್ದನ್ನು ಹೇಳಿದ. ಐದಕ್ಕೇ ಬಂದು ವಾರದ ಪಟ್ಟಿ ಹಚ್ಚಿದ್ದ. ನಂಬರ್ ಬಂತು, ತೆರೆಯ ಮೇಲೆ ಬೇರೇನೂ ಮೂಡಲಿಲ್ಲ. ಹತ್ತಿಲ್ಲವೇನೋ ಎಂದು ಮತ್ತೆ ಹಚ್ಚಿದ. ಮತ್ತೆ. ಒಟ್ಟು ಆರು ಸಲ. ಎರಡು ಮುಕ್ಕಾಲು ತಾಸಿನ ಲೆಕ್ಕ ಆರು ಪ್ರತಿಯಾಗಿ ಯಂತ್ರದ ಹೆಗಲ ಮೇಲೆ ಕೂತಿತ್ತು.

ಸಂಗತಿ ಕೇಳಿದ ಹೇಮಪ್ಪ ಫೋನಿನಲ್ಲೇ ಕೂಗಿದರು: "ಯಂತ್ರ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ!"

"ಬ್ಯಾಡ್ರಿ ಸಾಹೇಬ್ರ. ಬಂದ್ ಮಾಡಿದ್ರ ಡಿಸ್ಕ್ ತಪಾಸಣಿ ಮಾಡಿ ಏಳಾಕ ನಲವತ್ತು ಮಿನಿಟ್ ಬೇಕು. ಮುಂಜಾನಿ ತುಂಬಿದ ಅಳತಿ ಎಲ್ಲಾ ಹೋಗ್ತಾವ. ನನಗ ಐದು ಮಿನಿಟ್ ಕೊಡ್ರಿ."

"ನಾ ಹೇಳಾಕತ್ತೀನಿ, ಬಂದ್ ಮಾಡ್ರಿ!"

"ಐದು ಮಿನಿಟ್ರಿ ಸಾಹೇಬ್ರ," ಎಂದು ಫೋನಿಟ್ಟರು. ಹದಿನೇಳು ವರ್ಷದ ನೌಕರಿಯಲ್ಲಿ ಮೇಲಿನವರ ಮಾತು ಮುಗಿಯುವ ಮುಂಚೆ ಫೋನಿಟ್ಟದ್ದು ಅದೇ ಮೊದಲಂತೆ.

ಯಂತ್ರದಲ್ಲಿ ಏನೇನು ನಡೆದಿದೆ ಎಂದು ಕೇಳಲು ಎರಡಕ್ಷರ ಸಾಕು: ಪಿ, ಎಸ್. ಒತ್ತಿದರು. ಕಾಯಬೇಕಾಯಿತು. ಕೊನೆಗೆ ತೆರೆಯ ಮೇಲೆ ಹನ್ನೊಂದು ಸಾಲು ಇಳಿದವು, ಒಂದೊಂದಕ್ಕೂ ಒಂದೊಂದು ನಂಬರ್. ಆರು ಸಾಲು ಪಾಳಿಯವು. ಉಳಿದವುಗಳಲ್ಲಿ ಒಂದು ಬೆಳಗಿನ ಅಳತೆ ತುಂಬುತ್ತಿದ್ದ ಕೆಲಸ, ಅದನ್ನು ಇನ್ನೂ ಡಿಸ್ಕಿಗೆ ಇಳಿಸಿರಲಿಲ್ಲ. ಕಚೇರಿಯವರೆಲ್ಲ ಒಂದೇ ಹೆಸರಿನಿಂದ ಯಂತ್ರದೊಳಗೆ ಹೋಗುವುದರಿಂದ ಯಾರು ಯಾವ ಕೆಲಸವನ್ನು ಕೊಂದರೂ ಯಂತ್ರ ತಡೆಯುವುದಿಲ್ಲ. ಕೊಲ್ಲುವ ಆಜ್ಞೆಯ ಹೆಸರೇ ಕಿಲ್. ಅದರ ಮುಂದೆ ಒಂದು ಅಂಕಿ ಆಚೀಚೆ ಆದರೆ ಅಳತೆಗಳು ಹೋದಂತೆ, ಅಳತೆ ಹೋದರೆ ಗೇಟಿನ ಲೆಕ್ಕವೂ ಹೋದಂತೆ.

"ಯಂಕೋಬ, ಪಾಳಿ ಅಂತ ಇರೂ ನಂಬರ್ ಒಂದೊಂದ ಓದು. ನಾ ತಿರುಗಿ ಹೇಳ್ತೀನಿ. ಇಬ್ಬರದೂ ಕೂಡಿದ್ರ ಅಷ್ಟ ಒತ್ತೂದು."

"ಎರಡು ನೂರಾ ಐವತ್ತೆರಡು."

"ಎರಡು ನೂರಾ ಐವತ್ತೆರಡು." ಒತ್ತಿದರು. ಹೋಯಿತು.

ಎರಡನೆಯದು, ಮೂರನೆಯದು ಹೋದವು. ನಾಲ್ಕನೆಯದಕ್ಕೆ ಯಂಕೋಬ ಅವಸರದಲ್ಲಿ "ಎರಡು ನೂರಾ ಹದಿನೇಳು" ಎಂದ.

ವಿರೂಪಾಕ್ಷಮ್ಮ ತಿರುಗಿ ಹೇಳುತ್ತ ತೆರೆಯ ಮೇಲೆ ಬೆರಳಿಟ್ಟರು. ಬೆರಳು ನಿಂತಿತು. "ಹದಿನೇಳಲ್ಲೋ, ಎಪ್ಪತ್ತೊಂದು! ಹದಿನೇಳು ನಮ್ಮ ಅಳತೀದು!"

ಯಂಕೋಬ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಎಪ್ಪತ್ತೊಂದನ್ನು ಒತ್ತಿದರು. ಐದನೆಯದು ಮಾತು ಕೇಳಲಿಲ್ಲ, ಸಾಲಿನಲ್ಲಿ ಹಾಗೇ ನಿಂತಿತ್ತು. ಅಂಥದಕ್ಕೆ ಕಿಲ್ ಪಕ್ಕದಲ್ಲಿ ಒಂಬತ್ತರ ಅಂಕಿ ಸೇರಿಸಬೇಕು. ಸೇರಿಸಿದರು. ಹೋಯಿತು.

ಉಳಿದದ್ದು ಒಂದು, ಎಲ್ಲಕ್ಕಿಂತ ಮೊದಲು ಹಚ್ಚಿದ್ದು. ಯಂತ್ರ ಅದರ ಮೇಲೆ ಆಗಲೇ ಮೂವತ್ತೊಂದು ನಿಮಿಷ ದುಡಿದಿತ್ತು. ಅದನ್ನು ಬಿಟ್ಟರೆ ಗೇಟಿನ ಲೆಕ್ಕಕ್ಕೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಕೊಂದರೆ ಒಂಬತ್ತರ ಬಸ್ಸಿಗೆ ಪಟ್ಟಿ ಹೋಗುವುದಿಲ್ಲ, ಕೆಂಪನಮಟ್ಟಿಯವರು ಮತ್ತೆ ಅಂಗಳದಲ್ಲಿ ಕೂರುತ್ತಾರೆ, ಮತ್ತೊಂದು ಮೆಮೊ ಬರುತ್ತದೆ.

"ಆವಾಗ ಒಂದು ಕ್ಷಣ ಕೈ ನಿಂತಿತ್ರಿ. ಸುಳ್ಳು ಹೇಳಂಗಿಲ್ಲ. ಪಟ್ಟಿ ಮತ್ತ ಮಾಡಬೋದು, ಮೂವತ್ತು ಮನಿ ಮತ್ತ ಕಟ್ಟಾಕ ಆಗತೈತೇನು ಅಂದ್ಕೊಂಡೆ. ಒತ್ತಿಬಿಟ್ಟೆ."

ಯಂತ್ರ ಹಗುರಾಯಿತು. ಅಳತೆಗಳನ್ನು ಡಿಸ್ಕಿಗೆ ಇಳಿಸಿ ಗೇಟಿನ ಲೆಕ್ಕ ಹಚ್ಚಿದರು. ಹನ್ನೊಂದು ನಿಮಿಷ! ಅಷ್ಟರಲ್ಲಿ ಇಪ್ಪತ್ಮೂರೂ ಗೇಟಿಗೆ ಗಂಟೆ ಹೊಡೆದು ಗ್ಯಾಂಗ್‌ಮನ್‌ಗಳನ್ನು ಫೋನಿನ ಹತ್ತಿರ ನಿಲ್ಲಿಸಿದ್ದರು. ಪ್ರಿಂಟರಿನಿಂದ ಹಾಳೆ ಹೊರಬರುತ್ತಿದ್ದಂತೆ ಒಂದೊಂದೇ ಸಾಲು ಓದುತ್ತ ಹೋದರು. ಎರಡನೇ ಗೇಟು ಮೂರಂಗುಲ ಇಳಿಸು. ಐದನೇದು ಹಳ್ಳಕ್ಕೆ ತೆಗೆ, ಒಂದು ಅಡಿ. ಆ ಕಡೆಯವರು ಪ್ರತಿ ಮಾತನ್ನೂ ತಿರುಗಿ ಹೇಳಿದರು. ಎಂಟೂವರೆಗೆ ಹದಿನಾಲ್ಕನೇ ಮೈಲಿನಿಂದ ಮತ್ತೆ ಫೋನು ಬಂತು. ಹೇಮಪ್ಪನವರ ದನಿ ಕೂಗಿ ಕೂಗಿ ಒಡೆದಿತ್ತು.

"ಇಳ್ಯಾಕತ್ತೈತ್ರಿ. ಏರಿ ನಿಂತೈತಿ. ವಿರೂಪಾಕ್ಷಮ್ಮಾರ, ಯಂತ್ರ ಬಂದ್ ಮಾಡಲಿಲ್ಲ ಅಲ್ಲ ನೀವು?"

"ಇಲ್ರಿ ಸಾಹೇಬ್ರ."

"ಛಲೋ ಮಾಡಿದ್ರಿ."

ಪಟ್ಟಿಯ ಕಥೆ? ಗೇಟಿನ ಲೆಕ್ಕ ಮುಗಿದೊಡನೆ ಅದನ್ನು ಮತ್ತೆ ಹಚ್ಚಿದ್ದರು, ಈ ಸಲ ನೋಹಪ್ ಹಾಕಿ. ಮುಗಿದ ಕೂಡಲೇ ಟರ್ಮಿನಲ್ ಗಂಟೆ ಬಾರಿಸುವಂತೆ ಒಂದು ಮಾತನ್ನೂ ಹಿಂದೆ ಸೇರಿಸಿದ್ದರು. ಆ ಉಪಾಯ ಅವರದೇ. ಹತ್ತು ಗಂಟೆಯ ಸುಮಾರಿಗೆ ಗಂಟೆ ಬಾರಿಸಿತು. ಬಸ್ಸು ಹೋಗಿಯಾಗಿತ್ತು. ಕೊನೆಯ ಗೇಟಿನ ಗ್ಯಾಂಗ್‌ಮನ್ ಹುಲಿಗೆಪ್ಪ ಅದನ್ನು ಫೋನಿನಲ್ಲೇ ಕೇಳಿ ಬರೆದುಕೊಂಡು, ಕೆಸರಿನಲ್ಲಿ ಒಂಬತ್ತು ಮೈಲು ಸೈಕಲ್ ತುಳಿದು ಪಟ್ಟಿಯನ್ನು ಕೆಂಪನಮಟ್ಟಿಗೆ ಮುಟ್ಟಿಸಿದ. "ಅಕ್ಕನ ಪಟ್ಟಿರೀ ಅದು, ತಡ ಆದ್ರ ಅಕ್ಕಗ ಬೈತಾರಂತ ಹೋದೆ," ಎನ್ನುತ್ತಾನೆ ಆತ.

ಬೈಗುಳ ತಪ್ಪಲಿಲ್ಲ. ಪಟ್ಟಿ ತಡವಾದದ್ದಕ್ಕೆ ವಿವರಣೆ ಕೇಳಿ ಮೆಮೊ ಬಂತು. ವಿರೂಪಾಕ್ಷಮ್ಮ ಎರಡು ಸಾಲಿನಲ್ಲಿ ಉತ್ತರ ಬರೆದರು. ಅದರ ಕೆಳಗೆ ಹೇಮಪ್ಪನವರು ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದರು: 'ನನ್ನ ಆದೇಶ ತಪ್ಪಾಗಿತ್ತು, ಇವರು ಪಾಲಿಸದೇ ಇದ್ದದ್ದರಿಂದ ಏರಿ ಉಳಿಯಿತು.' ಆ ಕಡತ ಮೇಲಿನ ಕಚೇರಿಗೆ ಹೋಗಿದೆ, ಇನ್ನೂ ತಿರುಗಿ ಬಂದಿಲ್ಲ. ಹುದ್ದೆಯೂ ಬದಲಾಗಿಲ್ಲ. ಬದಲಾಗಿರುವುದು ಇಷ್ಟು: ಯಂತ್ರದ ಪಕ್ಕದ ಗೋಡೆಯ ಮೇಲೆ ಯಂಕೋಬ ತನ್ನ ಕೈಬರಹದಲ್ಲಿ ಒಂದು ಕಾಗದ ಅಂಟಿಸಿದ್ದಾನೆ. 'ಮತ್ತೆ ಹಚ್ಚುವ ಮುಂಚೆ ಪಿ ಎಸ್ ಒತ್ತಿ ನೋಡಿರಿ.' ಕೊಪ್ಪಳ, ಕುಷ್ಟಗಿಯ ಕಚೇರಿಗಳಿಂದ ಆಗಾಗ ಯಾರಾದರೂ ಬಂದು ಇವರ ಪಕ್ಕ ಕುರ್ಚಿ ಹಾಕಿಕೊಂಡು ಕಲಿತು ಹೋಗುತ್ತಾರೆ. ಇದುವರೆಗೆ ಹದಿನಾಲ್ಕು ಜನ.

ಹೊರಡುವ ಮುಂಚೆ, ನಿಮಗೆ ಏನು ಬೇಕು ಎಂದು ಕೇಳಿದೆ. ಬಡ್ತಿ ಎನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ಮಫ್ಲರ್ ಬಿಚ್ಚಿ ಮಡಚಿದರು.

"ಹದಿನೆಂಟು ವರ್ಷಾತ್ರಿ, ಆ ಗೇಟ್‌ದಾಗ ಒಂದನ್ನೂ ನಾ ಕಣ್ಣಿಲೆ ಕಂಡಿಲ್ಲ. ಒಂದು ದಿನ ಜೀಪಿನ್ಯಾಗ ಕುಂತು ಮೊದಲನೇದರಿಂದ ಕೆಂಪನಮಟ್ಟಿತನಕ ಹೋಗಬೇಕು. ನೀರು ಹ್ಯಾಂಗ ಹೋಗತೈತಿ, ನೋಡಬೇಕು."

"ಮತ್ತೆ ಆ ದಿನ ಇಲ್ಲಿನ ಕೆಲಸ?"

ವಿರೂಪಾಕ್ಷಮ್ಮ ನಕ್ಕರು. "ಹಚ್ಚಿ ಹೋಗ್ತೀನ್ರಿ. ನಾ ಇಲ್ಲಂತ ಅದೇನ್ ನಿಲ್ಲಂಗಿಲ್ಲ."